ಹಗ್ಗದ ಆಚೆ ಬದಿ

ಡೊರೀನ್‌ಗೆ ತರಗತಿಯಲ್ಲಿ ಬಾಯಿ ತೆರೆಯುವ ಅಧಿಕಾರ ಇರಲಿಲ್ಲ. ನದಿಯಾಚೆಯ ಮೂಲನಿವಾಸಿ ಕೇರಿಯಿಂದ, ತನ್ನದೇ ಕೇರಿಯಿಂದ, ಬರುವ ಮಕ್ಕಳ ಪಕ್ಕ ಕೂತು ಓದಿಗೆ ನೆರವಾಗುವುದಷ್ಟೇ ಅವಳ ಕೆಲಸ. ಪಾಠ ಬ್ರಯನಿ ಮಿಸ್‌ದು. ಸಿಡ್ನಿಯಿಂದ ಬಂದ ಬಿಳಿ ಹುಡುಗಿ, ಕೆಟ್ಟವಳಲ್ಲ.

ಒಂದು ಕಾಲಕ್ಕೆ ಊರಿನ ಹಳೇ ಚಿತ್ರಮಂದಿರದಲ್ಲಿ ಹಗ್ಗ ಕಟ್ಟಿ ಬಿಳಿಯರನ್ನು ಹಿಂದೆ, ಕೇರಿಯವರನ್ನು ಮುಂದಿನ ಅಗ್ಗದ ಸಾಲುಗಳಲ್ಲಿ ಕೂರಿಸುತ್ತಿದ್ದರು. ಅದನ್ನು ಮಕ್ಕಳಿಗೆ ಹೇಳಲು ಕೇರಿಯ ಹಿರಿಯಳು ಎಥೆಲ್ ಆಂಟಿಯನ್ನು ಒಪ್ಪಿಸಬೇಕಾದರೆ ಡೊರೀನ್ ಚಳಿಗಾಲವಿಡೀ ಅವಳ ಜಗಲಿಯಲ್ಲಿ ಕೂತು ಚಹಾ ಕುಡಿದಿದ್ದಳು.

“ಒಂದೇ ಸಲ ಹೇಳ್ತೀನಿ. ನನ್ನ ತಮ್ಮನ ವಿಷಯಾನೂ ಹೇಳ್ತೀನಿ. ಆಮೇಲೆ ಯಾರೂ ಕೆದಕ್ಕೂಡ್ದು,” ಅಂದಿದ್ದಳು ಮುದುಕಿ.

ತಮ್ಮನ ಮೈ ಬೆಳ್ಳಗಿತ್ತು. ಚಿಕ್ಕಂದಿನಲ್ಲೇ ಸರಕಾರದ ಕಾರು ಬಂದು, ಬಿಳಿಯರ ನಡುವೆ ಬೆಳೆಸಲೆಂದು, ಅಕ್ಕನನ್ನು ಬಿಟ್ಟು ಅವನನ್ನು ಮಾತ್ರ ಒಯ್ದಿತ್ತು. ಕೇರಿಗೆ ಗೊತ್ತಿದ್ದದ್ದು ಇಷ್ಟೇ.

ಹೇಳಬೇಕಾದ ದಿನ ಎಥೆಲ್ ಹಬ್ಬದ ಟೋಪಿ ಹಾಕಿಕೊಂಡು ತರಗತಿಗೆ ಬಂದಳು. ಅವಳ ಮರಿಮಕ್ಕಳು, ಅವಳಿಗಳಾದ ಟೈಸನ್, ಕೈರಾ ಅದೇ ತರಗತಿಯವರು. ಬ್ರಯನಿ ಬಟ್ಟೆ ಒಣಗಿಸುವ ಹಗ್ಗ ತಂದು ಮೇಜುಗಳ ನಡುವೆ ಕಟ್ಟಿದಳು.

“ಆಂಟಿ ಮಾತಾಡೋ ಮೊದ್ಲು, ಹೆಂಗಿತ್ತು ಅಂತ ನಾವೇ ಕೂತು ನೋಡೋಣ.”

“ಮಿಸ್, ಪಾಪ್‌ಕಾರ್ನ್ ಕೊಡ್ತೀರಾ?” ಎಂದ ಟೈಸನ್. ಎಲ್ಲರೂ ನಕ್ಕರು.

ಬ್ರಯನಿ ಮುಖದ ಬಣ್ಣ ನೋಡುತ್ತ ಮಕ್ಕಳನ್ನು ವಿಂಗಡಿಸಿದಳು. ಕಪ್ಪು ಮೈಯ ಕೈರಾ ಮುಂದೆ. ಟೈಸನ್‌ದು ಕೆಂಚುಗೂದಲು, ಬಿಳಿಚು ಮೈ.

“ನೀನು ಹಿಂದೆ ಹೋಗು.”

“ಮಿಸ್, ನಾನು ಇವಳಣ್ಣ.”

“ಗೊತ್ತು ಪುಟ್ಟ, ಇದು ಆಟ. ನಿನ್ನ ಬಣ್ಣ ನೋಡಿದ್ರೆ ಅವ್ರು ಹಿಂದೇನೇ ಬಿಡ್ತಿದ್ರು.”

“ಬಾರೋ, ಇವತ್ತು ನಿಂಗೆ ಬಡ್ತಿ,” ಎಂದ ಹಿಂದಿನಿಂದ ಕುರಿಫಾರ್ಮಿನ ಹುಡುಗ.

ಕೇರಿಯಲ್ಲಿ ಯಾರೂ ಮೈಬಣ್ಣ ಕೇಳುವುದಿಲ್ಲ, ಯಾರ ಮನೆಯವನು ಎಂದಷ್ಟೇ ಕೇಳುತ್ತಾರೆ. ಡೊರೀನ್ ಅರ್ಧ ಎದ್ದಳು. ಪಾಠದ ಮಧ್ಯೆ ಬಾಯಿ ಹಾಕಬೇಡ ಎಂದು ಮುಖ್ಯೋಪಾಧ್ಯಾಯರು ಹಿಂದೊಮ್ಮೆ ಗದರಿದ್ದು ನೆನಪಾಗಿ ಕೂತಳು. ಟೈಸನ್ ಹಗ್ಗದಡಿ ನುಸುಳಿ ಆಚೆ ಹೋದ.

ಎಥೆಲ್ ಎದ್ದು, ಹಗ್ಗ ಎತ್ತಿ, ಅವನ ಮಣಿಕಟ್ಟು ಹಿಡಿದು ಈಚೆ ಎಳೆದಳು. ಇನ್ನೊಂದು ಕೈಯಲ್ಲಿ ಕೈರಾ.

“ಆಂಟಿ, ನಾನು ನಿಮ್ಮ ಪರವಾಗೇ...” ಎಂದಳು ಬ್ರಯನಿ.

ಎಥೆಲ್ ಅವಳತ್ತ ನೋಡಲಿಲ್ಲ. ಬಾಗಿಲಲ್ಲಿ ನಿಂತು, “ಡೊರೀನ್, ನೀನು ಕೂತೇ ಇದ್ಯಲ್ಲ,” ಎಂದಳು.

ಬ್ರಯನಿ ಅತ್ತಳು. ಮರುದಿನ ಡೊರೀನ್ ಎಥೆಲ್‌ಳ ಜಗಲಿ ಹತ್ತಿದರೆ ಬಾಗಿಲು ತೆರೆಯಲಿಲ್ಲ. ಒಳಗೆ ರೇಡಿಯೊ ಹಾಡುತ್ತಿತ್ತು. ಬೇಸಿಗೆಯಲ್ಲಿ ಮುದುಕಿ ತೀರಿಕೊಂಡಳು.

ಟೈಸನ್, ಕೈರಾ ಮತ್ತೆ ಶಾಲೆಗೆ ಬರಲಿಲ್ಲ. ಆ ತಮ್ಮನ ಕತೆ ಪೂರ್ತಿ ಗೊತ್ತಿದ್ದವಳು ಎಥೆಲ್ ಒಬ್ಬಳೇ. ಈಗ ಯಾರೂ ಇಲ್ಲ.