ಮೋಟಾರು ಓಡುವಷ್ಟು ದಿನ

ನಮ್ಮ ಶಾಲೆಯ ಹಿಂದಿನ ಗೋಡೆಯಾಚೆ ಒಂದು ಮೋಟಾರು ಓಡುತ್ತಿತ್ತು. ಬೆಳಗಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಶುರುವಾದರೆ ಸಂಜೆಯವರೆಗೂ ಅದೇ ಗುಂಯ್ ಎನ್ನುವ ಸದ್ದು. ಈ ಗಲಾಟೆಯಲ್ಲಿ ಅದು ಹೇಗೆ ಪಾಠ ಮಾಡುತ್ತೀರಿ ಎಂದು ಹೊಸಬರು ಕೇಳುತ್ತಿದ್ದರು. ನನಗಾದರೋ ಅದು ನಿಂತಾಗಲೇ ಎದೆ ಧಸಕ್ಕೆನ್ನುತ್ತಿತ್ತು. ನಮ್ಮ ಒಂಬತ್ತು ಮತ್ತು ಹತ್ತನೆಯ ತರಗತಿಗಳು ನಡೆಯುತ್ತಿದ್ದುದೇ ಆ ಮೋಟಾರಿನಿಂದ.

ನಾನು ಆಗ ಆ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ. ಸರ್ಕಾರ ಕೊಟ್ಟಿದ್ದು ಎಂಟನೆಯ ತರಗತಿಯವರೆಗೆ ಮಾತ್ರ. ಮುಂದಿನ ಎರಡಕ್ಕೆ ಪುರಸಭೆಯವರೇ ಒಂದು ದಾರಿ ಹುಡುಕಿದ್ದರು. ಕೊಳವೆಬಾವಿಯ ನೀರು ಮಾರುವವರು ಎತ್ತಿದ ನೀರಿಗೆ ತಕ್ಕಷ್ಟು ಶುಲ್ಕ ಕಟ್ಟಬೇಕು, ಆ ಹಣ ಶಾಲೆಗೆ. ನೆಲದಡಿಯ ನೀರು ಎಲ್ಲರದು, ಅದನ್ನು ಮಾರುವವನು ಊರ ಮಕ್ಕಳಿಗೊಂದಿಷ್ಟು ಕೊಡಲಿ ಎನ್ನುವುದು ಅವರ ನ್ಯಾಯ. ಅದು ಅನ್ಯಾಯವೆಂದು ನಾನು ಈಗಲೂ ಹೇಳುವುದಿಲ್ಲ.

ಊರಿನಲ್ಲಿ ನೀರು ಮಾರುತ್ತಿದ್ದವರು ಟ್ಯಾಂಕರ್ ಪಿಳ್ಳಪ್ಪನವರೊಬ್ಬರೇ. ಗೋಡೆಯಾಚೆಯ ಕೊಳವೆಬಾವಿ, ಮೋಟಾರು ಎರಡೂ ಅವರವೇ. ಅವರನ್ನು ಕೆಟ್ಟವರೆಂದರೆ ನನ್ನ ನಾಲಿಗೆ ಬಿದ್ದುಹೋದೀತು. ಶುಲ್ಕವನ್ನು ಒಮ್ಮೆಯೂ ತಪ್ಪಿಸಿದವರಲ್ಲ. ನಾವೂ ಸುಮ್ಮನಿರಲಿಲ್ಲ, ಶಾಲೆಯ ವಾರ್ಷಿಕೋತ್ಸವಕ್ಕೆ ಅವರನ್ನೇ ಕರೆದು ಹಾರ ಹಾಕಿದೆವು. ‘ಎತ್ತಿದಷ್ಟೂ ನೀರು, ಕಲಿತಷ್ಟೂ ಅಕ್ಷರ’ ಎಂದು ಡ್ರಾಯಿಂಗ್ ಮೇಷ್ಟ್ರು ಗೋಡೆಯ ಮೇಲೆ ದೊಡ್ಡದಾಗಿ ಬರೆದರು. ನಾನೇ ನಿಂತು ಬಣ್ಣ ಆರಿಸಿದ್ದೆ. ನೀರಿಗೂ ಒಂದು ತಳವಿರುತ್ತದೆ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಮೊದಲು ಬತ್ತಿದ್ದು ಶಾಲೆಯ ಹಿಂದಿನ ಬೀದಿಯ ಬಾವಿಗಳು. ಅಲ್ಲಿನ ಹುಡುಗಿಯರು ಶಾಲೆಗೆ ತಡವಾಗಿ ಬರತೊಡಗಿದರು, ಆಮೇಲೆ ಬರುವುದನ್ನೇ ಬಿಟ್ಟರು. ಹತ್ತನೆಯ ತರಗತಿಯ ಅಲಮೇಲು ವಾರವಾದರೂ ಕಾಣದಾಗ ನಾನು ಅವಳ ಮನೆಗೇ ಹೋದೆ. ಬಲು ಚುರುಕಿನ ಹುಡುಗಿ. ಆ ಬೀದಿಯಿಂದ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವ ಮೊದಲ ಹುಡುಗಿಯರಲ್ಲಿ ಅವಳೂ ಒಬ್ಬಳಾಗಬೇಕಿತ್ತು. ಮನೆಯಲ್ಲಿರಲಿಲ್ಲ. ಬೀದಿಯ ಕೊನೆಯಲ್ಲಿ, ಪಿಳ್ಳಪ್ಪನವರ ಟ್ಯಾಂಕರಿಗೆ ಕಾಯುವ ಸಾಲಿನಲ್ಲಿ, ಕೊಡಗಳನ್ನಿಟ್ಟುಕೊಂಡು ನಿಂತಿದ್ದಳು. ನನ್ನನ್ನು ಕಂಡು ಮುಖ ತಿರುಗಿಸಿದಳು.

“ನಾನೇನ್ ಮಾಡ್ಲಿ ಮೇಡಮ್ಮೋರೆ?” ಎಂದಳು, ಕೂಲಿಗೆ ಹೊರಟು ಅಲ್ಲಿಗೆ ಬಂದ ಅವಳ ತಾಯಿ ಮುನಿರತ್ನಮ್ಮ. “ಅವ್ಳು ಸಾಲಲ್ಲಿ ನಿಂತ್ಕಳ್ದಿದ್ರೆ ನೀರಿಲ್ಲ, ನಾನು ಕೂಲಿಗೆ ಹೋಗ್ದಿದ್ರೆ ಹಿಟ್ಟಿಲ್ಲ. ಒಬ್ಬರಿಗೆ ಎರಡೇ ಕೊಡ ಕೊಡ್ತಾರೆ. ಪಿಳ್ಳಪ್ಪಣ್ಣ ಹಿಂಗೇ ಎಳೀತಾ ಇದ್ರೆ ನಮ್ ಬಾವೀಗೆ ನೀರು ಎಲ್ಲಿಂದ ಬಂದಾತು? ಮಿತಿ ಹಾಕಿ ಅಂತ ಎಲ್ಲಾ ಸೇರಿ ಪುರಸಭೇಲಿ ಕೇಳ್ತೀವಿ. ನೀವೂ ಒಂದ್ ಮಾತು ಹೇಳಿ.”

ಹೇಳುತ್ತೇನೆ ಎಂದೆ. ಅಲ್ಲಿಗೂ ಮೋಟಾರಿನ ಸದ್ದು ಕೇಳುತ್ತಿತ್ತು. ಅದು ನಿಲ್ಲದಿರಲಿ ಎಂದು ಬಯಸುತ್ತಿದ್ದವಳೂ ನಾನೇ.

ಸಭೆಯಲ್ಲಿ ಪುರಸಭೆಯ ಅಧ್ಯಕ್ಷರು ಹೆಂಗಸರ ಅರ್ಜಿಯನ್ನು ಓದಿಸಿ ಕೇಳಿ ನನ್ನ ಕಡೆ ತಿರುಗಿದರು. “ನೋಡಿ ಮೇಡಂ, ಮಿತಿ ಹಾಕೋದೇನೂ ಕಷ್ಟ ಅಲ್ಲ. ಆದ್ರೆ ಶುಲ್ಕ ಅರ್ಧಕ್ಕಿಳಿಯುತ್ತೆ, ಒಂಬತ್ತು, ಹತ್ತು ಈ ವರ್ಷಾನೇ ಮುಚ್ಬೇಕಾಗುತ್ತೆ. ನೀವೇ ಹೇಳ್ಬಿಡಿ.”

ಪಿಳ್ಳಪ್ಪನವರು ಎದ್ದು ಕೈಮುಗಿದರು. “ನಾನೇನೂ ಕದ್ದು ಎತ್ತಾ ಇಲ್ಲ, ದುಡ್ಡು ಕಟ್ಟಿ ಎತ್ತಾ ಇದೀನಿ. ಆದ್ರೂ ಮೇಡಮ್ಮೋರು ಕಮ್ಮಿ ಮಾಡು ಅಂದ್ರೆ ನಾಳೇನೇ ಕಮ್ಮಿ ಮಾಡ್ತೀನಿ.”

ಅವರು ಜಗಳಕ್ಕೆ ನಿಂತಿದ್ದರೆ ನನಗೆಷ್ಟೋ ಸುಲಭವಾಗುತ್ತಿತ್ತು. ಬಿಸಿತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮಿತಿ ಹಾಕಿ ಎಂದರೆ ಅಲಮೇಲುವಿಗೆ ಕೂರಲು ತರಗತಿಯಿಲ್ಲ. ಬೇಡ ಎಂದರೆ ತರಗತಿಯಿದೆ, ಕೂರಲು ಅಲಮೇಲು ಇಲ್ಲ. ಹಿಂದಿನ ಬೀದಿಯ ಹೆಂಗಸರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಎದ್ದು ಓಡಿಹೋಗೋಣ ಎನಿಸಿತು, ಬಾಗಿಲ ತುಂಬ ಜನ ನಿಂತಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಮುನಿರತ್ನಮ್ಮ ಎದ್ದಳು. “ಮುಚ್ತಾರೆ ಅಂತ ನಮ್ಗೆ ಯಾರೂ ಹೇಳಿರ್ಲಿಲ್ವಲ್ಲ,” ಎಂದಳು. ಅಕ್ಕಪಕ್ಕದವರೊಡನೆ ಗುಸುಗುಸು ನಡೆಯಿತು. ಒಬ್ಬಾಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕೊನೆಗೆ ಮುನಿರತ್ನಮ್ಮ ಅಧ್ಯಕ್ಷರ ಮುಂದೆ ಕೈಚಾಚಿದಳು.

“ಆ ಅರ್ಜಿ ಇತ್ಲಾಗೆ ಕೊಡಿ ಸ್ವಾಮಿ. ಮಳೆ ಬಂದ್ರೆ ಬಾವಿ ಎಂದಾದ್ರೂ ತುಂಬುತ್ತೆ. ಮುಚ್ಚಿದ್ ಕ್ಲಾಸು ಮತ್ತೆ ತೆಗ್ಯೋರ್ಯಾರು? ಮಕ್ಳು ಸಾಲಲ್ಲಿ ನಿಲ್ಲೋದು ಬ್ಯಾಡ. ದಿನಕ್ಕೊಬ್ಬರು ಕೂಲಿ ಬಿಟ್ಟು ನಿಂತ್ಕತೀವಿ. ಸಿಕ್ಕಿದ್ ಎರಡು ಕೊಡಾನೇ ಎಲ್ಲಾ ಮನೆಗೂ ಹಂಚ್ಕತೀವಿ.”

ನನ್ನನ್ನು ಅವಳು ಬಿಡಿಸಿದ್ದಳು. ಆದರೆ ಬಿಡುಗಡೆಯಾಯಿತೆಂದು ನನಗೆ ಅನಿಸಲಿಲ್ಲ. ಅವರ ಬಾಯಾರಿಕೆಯ ಮೇಲೆ ನನ್ನ ಶಾಲೆ ನಡೆಯುವುದೆಂದು ಅಂದು ತೀರ್ಮಾನವಾಯಿತು.

ಮರುದಿನ ಅಲಮೇಲು ಎಲ್ಲರಿಗಿಂತ ಮೊದಲೇ ಬಂದಿದ್ದಳು. ಹಿಂದಿನ ಬೀದಿಯವರೆಲ್ಲ ಬಂದಿದ್ದರು. ತುಂಬಿದ ತರಗತಿಯನ್ನು ನೋಡಿ ನನಗಾದ ಸಂತೋಷವನ್ನು ಸುಳ್ಳೆನ್ನಲಾರೆ. ಇನ್ನೇನು ಪಾಠ ಶುರುಮಾಡಬೇಕು, ಅವಳು ಎದ್ದು ನಿಂತಳು.

“ಮಿಸ್, ನೀರು ಕುಡ್ಕಂಡ್ ಬರ್ಲಾ?”

ಜಗುಲಿಯ ಮೇಲೆ ಮಕ್ಕಳಿಗಾಗಿ ಪಿಳ್ಳಪ್ಪನವರೇ ತುಂಬಿಸುತ್ತಿದ್ದ ಒಂದು ತೊಟ್ಟಿಯಿತ್ತು. ಅವಳು ನಲ್ಲಿಗೆ ಲೋಟ ಹಿಡಿದು ಕುಡಿದಳು. ಇನ್ನೊಂದು ಲೋಟ ಕುಡಿದಳು. ಮೂರನೆಯದಕ್ಕೆ ನೆತ್ತಿಗೇರಿ ಕೆಮ್ಮಿದಳು, ಕೆಮ್ಮು ನಿಂತ ಮೇಲೆ ಮತ್ತೆ ಹಿಡಿದಳು.

“ಸಾಕು ಮಗು, ಹೊಟ್ಟೆ ನೋಯುತ್ತೆ,” ಎಂದೆ ಬಾಗಿಲಲ್ಲಿ ನಿಂತು.

“ಸಂಜೆವರ್ಗೂ ಆಗೋವಷ್ಟು ಇಲ್ಲೇ ಕುಡ್ಕಂಡ್ ಬಾ ಅಂತ ಅಮ್ಮ ಹೇಳವ್ಳೆ ಮಿಸ್. ಮನೇಲಿರೋದು ತಮ್ಮಂಗೆ ಬೇಕು.”

ನನ್ನ ಬೆನ್ನ ಹಿಂದೆ ಬೆಂಚುಗಳು ಕಿರುಗುಟ್ಟಿದವು. ಹಿಂದಿನ ಬೀದಿಯ ಹುಡುಗಿಯರು ಒಬ್ಬೊಬ್ಬರಾಗಿ ಎದ್ದು ಬರುತ್ತಿದ್ದರು. ಯಾರೂ ಅಪ್ಪಣೆ ಕೇಳಲಿಲ್ಲ. ನಾನು ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತೆ.