ಗುರವ್ವನ ಹೆಸರಿನ ಗ್ಲಾಸು

"ಏ, ಏ! ಕೈ ತಗಿ! ಅದಕ್ಕ ಎಲ್ಲಾರೂ ಕೈ ಹಾಕೋದದ, ಅಷ್ಟೂ ತಿಳಿಯೂದಿಲ್ಲೇನ ನಿನಗ?"

ಗುರವ್ವನ ಕೈ ಚಿಪ್ಸಿನ ಬುಟ್ಟಿಯ ಅಂಚಿನಲ್ಲೇ ನಿಂತಿತು. ಬೆರಳಿಗೆ ಸಿಕ್ಕ ಚೂರನ್ನು ವಾಪಸು ಹಾಕಬೇಕೋ ಬಾಯಿಗಿಡಬೇಕೋ ತಿಳಿಯದೆ ಅವಳು ವಿಜಯಾಳ ಮುಖ ನೋಡಿದಳು. ವಿಜಯಾ ಆಗಲೇ ಟಿಶ್ಯೂ ಕಾಗದದಿಂದ ಬುಟ್ಟಿಯನ್ನು ಹಿಡಿದು ಮೇಜಿನ ತುದಿಗೆ ದೂಡಿದ್ದಳು.

"ಮಾಮ್, ಇಟ್ಸ್ ಜಸ್ಟ್ ಚಿಪ್ಸ್," ಎಂದಳು ಎಂಟು ವರ್ಷದ ಮಗಳು ತೃಪ್ತಿ, ಟ್ಯಾಬಿನಿಂದ ಕಣ್ಣೆತ್ತದೆ.

"ನೀ ಸುಮ್ಮನ ಕೂಡು."

ಬಡಿಸುವ ಹೆಂಗಸು ಓಡಿಬಂದಳು. ಎದೆಯ ಮೇಲಿನ ಬಿಲ್ಲೆಯನ್ನು ಓದಿ ವಿಜಯಾ ಅವಳನ್ನು ಲೂಪೆ ಎಂದು ಕರೆದಳು. ಇಕಿಗೆ ಬೇರೆ ಬುಟ್ಟಿ, ಬೇರೆ ಸಾಲ್ಸಾ ತಂದುಕೊಡು ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಈ ಮೆಕ್ಸಿಕನ್ ಹೋಟೆಲಿನಲ್ಲಿ ಚಿಪ್ಸು ಎಷ್ಟು ಕೇಳಿದರೂ ಪುಕ್ಕಟೆ. ಈ ಅವ್ವನಿಗೆ ಚಿಪ್ಸೆಂದರೆ ಬಲು ಇಷ್ಟವೆಂದು ತಿಳಿದ ಲೂಪೆ ಬಿಸಿಬಿಸಿಯಾದೊಂದು ಬುಟ್ಟಿ ತಂದು ಗುರವ್ವನ ಮುಂದಿಟ್ಟು ನಕ್ಕಳು. ಅವಳೂ ಗುರವ್ವನಷ್ಟೇ ಕಪ್ಪು. ಮುಂಗೈಯ ಮೇಲೆ ಎಣ್ಣೆ ಸಿಡಿದ ಕಲೆ.

ಡಲ್ಲಾಸಿನ ಹೊರವಲಯದ ಪ್ಲೇನೋದಲ್ಲಿದ್ದ ವಿಜಯಾಳ ಮನೆಯಲ್ಲಾದರೆ ಈ ತಾಪತ್ರಯವಿರಲಿಲ್ಲ. ಅಲ್ಲಿ ಗುರವ್ವ ಉಣ್ಣುವುದು ಗ್ಯಾರೇಜಿನಲ್ಲಿ, ಬಟ್ಟೆ ಒಗೆಯುವ ಮಷಿನ್ನಿನ ಪಕ್ಕ, ತನ್ನದೇ ತಾಟಿನಲ್ಲಿ. ಒಳಗೆ ಬರುವುದೂ ಗ್ಯಾರೇಜಿನಿಂದಲೇ. ಧಾರವಾಡದಲ್ಲಿ ವಿಜಯಾಳ ತವರಿನ ಹಿತ್ತಲು ಬಳಿಯುತ್ತಿದ್ದಾಗ ಹಿತ್ತಲ ಬಾಗಿಲಿತ್ತು. ಈ ಊರಿನ ಮನೆಗಳಿಗೆ ಹಿತ್ತಲ ಬಾಗಿಲ ಕೆಲಸವನ್ನು ಗ್ಯಾರೇಜು ಮಾಡುತ್ತಿತ್ತು.

ಅವಳನ್ನು ಕರೆತಂದದ್ದು ವಿಜಯಾಳ ಗಂಡ ರಾಜಗೋಪಾಲನ ತಾಯಿಗಾಗಿ. ಮುದುಕಿಗೆ ಲಕ್ವಾ ಹೊಡೆದು ಅರ್ಧ ಮೈ ಸತ್ತಿತ್ತು. ವೀಸಾದ ಕಾಗದದಲ್ಲಿ ಗುರವ್ವ ದೂರದ ಸಂಬಂಧದ ಕಾಕು. ಆ ಕಾಗದವೊಂದರಲ್ಲಿ ಮಾತ್ರ. ಹತ್ತು ತಿಂಗಳು ಮುದುಕಿಯ ಹೇಲು ಉಚ್ಚೆ ಬಳಿದು, ಬೆನ್ನು ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದ್ದಳು. ಮುದುಕಿಯ ಮೈಯನ್ನು ಮುಟ್ಟಬಹುದಿತ್ತು. ಅದೇ ಮುದುಕಿ ಕುಡಿಯುವ ನೀರಿನ ತಂಬಿಗೆಯನ್ನು ಮುಟ್ಟುವಂತಿರಲಿಲ್ಲ. ನೀರು ಬೇಕಾದಾಗ ಬಾಗಿಲಲ್ಲಿ ನಿಂತು ಬಾಯಾರೇ ಎಂದು ವಿಜಯಾಳನ್ನು ಕೂಗಬೇಕು.

"ನಮ್ಮವ್ವ ಕಣ್ಣ ಮುಚ್ಚಿದ ಮರುದಿನ ನಿನ್ನ ವಿಮಾನ ಹತ್ತಸ್ತೀನಿ," ಎಂದು ರಾಜಗೋಪಾಲ ಅಂದು ಧಾರವಾಡದಲ್ಲಿ ಹೇಳಿದ್ದ. ಮುದುಕಿ ಕಣ್ಣು ಮುಚ್ಚಿ ನಲವತ್ತು ದಿನವಾಗಿತ್ತು. ಈ ಬೆಳಿಗ್ಗೆ ವಿಜಯಾ ಗ್ಯಾರೇಜಿಗೆ ಬಂದು, "ಇವತ್ತ ಹೊರಗ ಊಟ, ನೀನೂ ಬಾ. ನಿನ್ನ ಊರಿಗೆ ಕಳಸೋ ವಿಚಾರ ಮಾತಾಡೋದದ," ಎಂದಾಗ ಗುರವ್ವ ಟ್ರಂಕಿನ ತಳದಲ್ಲಿದ್ದ ಇಳಕಲ್ಲ ಸೀರೆ ಉಟ್ಟು ಬಂದಿದ್ದಳು.

ಮೇಜಿನ ಆಚೆ ಬದಿಯಲ್ಲಿ ಅವಳು ಮೊದಲ ಸಲ ನೋಡುತ್ತಿದ್ದ ಗಂಡಹೆಂಡಿರು ಕೂತಿದ್ದರು: ಬದರಿನಾಥ ಮತ್ತು ರಮಾ, ಮೈಸೂರು ಕಡೆಯವರು. ಇದಕ್ಕೆಂದೇ ಲಿಯಾಂಡರ್ ಎಂಬ ಊರಿನಿಂದ ಮೂರೂವರೆ ತಾಸು ಡ್ರೈವ್ ಮಾಡಿಕೊಂಡು ಡಲ್ಲಾಸಿಗೆ ಬಂದಿದ್ದರು. ಯಾವುದಕ್ಕೆಂದು ಗುರವ್ವನಿಗೆ ಯಾರೂ ಹೇಳಿರಲಿಲ್ಲ.

"ಬೀನ್ಸಿಗೆ ಹಂದೀ ಕೊಬ್ಬು ಹಾಕ್ತಾರೇನು ಕೇಳ್ರಿ," ಎಂದಳು ವಿಜಯಾ ಗಂಡನಿಗೆ. "ಅನ್ನಕ್ಕ ಕೋಳೀ ನೀರು ಹಾಕಿರ್ತಾರ. ಅದನ್ನೂ ಕೇಳ್ರಿ."

"ಹೋದ ಸಲಾನೂ ಕೇಳೀವಲ್ಲ."

"ಇನ್ನೊಮ್ಮೆ ಕೇಳಿದ್ರ ನಾಲಿಗಿ ಸವೀತದೇನು?"

ಅಷ್ಟರಲ್ಲಿ ಪಕ್ಕದ ಮೇಜಿಗೆ ಚುರ್ರೆನ್ನುವ ಕಬ್ಬಿಣದ ತಟ್ಟೆಯೊಂದು ಹೋಯಿತು. ಸುಟ್ಟ ಮಾಂಸದ ಹೊಗೆ ಇವರ ತಲೆಯ ಮೇಲೆ ಹಾದುಹೋಯಿತು. ವಿಜಯಾ ಮೂಗಿಗೆ ಟಿಶ್ಯೂ ಹಿಡಿದಳು. ಗುರವ್ವನ ಬಾಯಲ್ಲಿ ನೀರೂರಿತು. ಅವಳು ಸದ್ದಾಗದಂತೆ ನುಂಗಿದಳು. ಹನ್ನೊಂದು ತಿಂಗಳಿಂದ ಅವಳ ನಾಲಿಗೆಗೆ ಎಲುಬಿನ ರುಚಿ ಇರಲಿಲ್ಲ.

ಲೂಪೆ ಎರಡು ದೊಡ್ಡ ಗ್ಲಾಸು ತಂದು ಗಂಡಸರ ಮುಂದಿಟ್ಟಳು. ಲಿಂಬೆರಸ ಬೆರೆಸಿದ ಹಸಿರು ಮದ್ಯ, ಅಂಚಿಗೆಲ್ಲ ಹರಳುಪ್ಪು.

"ಅತ್ತೀದು ವರ್ಷಾಂತ ಆಗಿಲ್ಲ ಇನ್ನ," ಎಂದಳು ವಿಜಯಾ ಮೆಲ್ಲಗೆ.

"ಲಿಂಬೀ ಶರಬತ್ತಲೇ ಇದು. ಉಪ್ಪ ಹಚ್ಚಿ ಕೊಟ್ಟಾರ ನೋಡು."

"ಅಮ್ಮಾವ್ರಿಗೂ ಒಂದು ಹೇಳಿ ಸಾರ್, ಶರಬತ್ತೇ ತಾನೆ!" ಎಂದು ಬದರಿನಾಥ ಹೊಟ್ಟೆ ಕುಣಿಸಿ ನಕ್ಕ. ಮೊದಲ ಗ್ಲಾಸು ಮುಗಿದು ಎರಡನೆಯದು ಬಂತು.

ರಮಾ ಮಾತ್ರ ಗುರವ್ವನನ್ನೇ ನೋಡುತ್ತಿದ್ದಳು. ಮುಖವನ್ನಲ್ಲ, ತೋಳು, ಮಣಿಕಟ್ಟು, ಹೆಗಲು. ಎತ್ತಿನ ಸಂತೆಯಲ್ಲಿ ಹೀಗೆ ನೋಡುವವರನ್ನು ಗುರವ್ವ ಕಂಡಿದ್ದಳು.

"ನಮ್ಮತ್ತೆದು ಹಿಪ್ ಸರ್ಜರಿ ಆಗಿ ಮೂರು ವಾರ," ಎಂದಳು ರಮಾ. "ಏಜೆನ್ಸಿಯವ್ರು ಬಂದ್ರೆ ಅತ್ತೆಗೆ ಇಂಗ್ಲಿಷ್ ಬರಲ್ಲ. ಒಂದೇ ರಗಳೆ. ಬಾತ್ರೂಮು ಗೀತ್ರೂಮು ಎಲ್ಲಾ ಮಾಡ್ತಾರಾ ಇವ್ರು?"

"ಮಾಡ್ತಾಳ. ನಮ್ಮತ್ತೀದೆಲ್ಲಾ ಇಕೀನ ಬಳದಾಳ. ಮನ್ಯಾಗ ಒಂದ ದಿನ ವಾಸನಿ ಬಂದಿಲ್ಲ."

"ಕದಿಯೋದು ಗಿದಿಯೋದು...?"

"ಛೇ, ಅದೊಂದಿಲ್ಲ. ಅಡಿಗೀ ಮನಿಗೆ ಮಾತ್ರ ಬಿಡಬ್ಯಾಡ್ರಿ."

"ಅಯ್ಯೋ, ಈ ಕಾಲ್ದಲ್ಲಿ ಅದೆಲ್ಲ ಯಾರು ನೋಡ್ತಾರೆ ವಿಜಯಾ? ನಮ್ಮನೇಲಿ ಹಾಗೆಲ್ಲ ಏನಿಲ್ಲಪ್ಪ."

ಗುರವ್ವನ ಬಾಯಲ್ಲಿದ್ದ ಚಿಪ್ಸು ಒಡೆಯಲಿಲ್ಲ. ಅದು ಅಲ್ಲೇ ನೆನೆದು ಮೆತ್ತಗಾಯಿತು. ಯಾರೂ ತನ್ನನ್ನು ಕೇಳದ ಮಾತಿನಲ್ಲಿ ನಡುವೆ ಬಾಯಿ ಹಾಕುವುದು ಅವಳಿಗೆ ರೂಢಿಯಿರಲಿಲ್ಲ. ಮಾತು ಹೊರಡಲು ಅದಕ್ಕೇ ಇಷ್ಟು ಹೊತ್ತು ಬೇಕಾಯಿತು.

"ಬಾಯಾರ, ಇವರು ಏನ್ ಮಾತಾಡಾಕತ್ತಾರ್ರೀ? ನಾ ಊರಿಗೆ ಹೊಂಟೀನಲ್ರೀ?"

ವಿಜಯಾ ಗಂಡನನ್ನು ನೋಡಿದಳು. ಗಂಡ ಗ್ಲಾಸನ್ನು ನೋಡಿದ.

"ಹೋಗೂವಂತಿ. ಯಾರ್ ಬ್ಯಾಡಂದಾರ?" ಎಂದಳು ವಿಜಯಾ. "ಬರೇ ನಾಕ ತಿಂಗಳ ಇವರ ಮನ್ಯಾಗ ಇರು. ಆಮ್ಯಾಲೆ ಹೋಗು."

"ನೀಲವ್ವಗ ಒಂಬತ್ರಾಗ ಬಿದ್ದೈತ್ರಿ."

"ಯಾರ್ ನೀಲವ್ವ?" ಎಂದ ರಾಜಗೋಪಾಲ.

"ನನ್ನ ಮಗಳ್ರಿ. ಚೊಚ್ಚಲ ಐತ್ರಿ. ಬಾಣ್ತಾನ ಮಾಡಾಕ ನನ್ನ ಬಿಟ್ರ ಯಾರೂ ಇಲ್ರಿ. ಅಜ್ಜ್ಯಾರು ಹೋದ ಮರುದಿನ ಕಳಸ್ತೀನಿ ಅಂದಿದ್ರಿ ರಾಯರ."

"ಹಡಿಯಾಕಿ ಅಕಿ," ಎಂದ ರಾಜಗೋಪಾಲ. "ನೀ ಹೋಗಿ ಏನ್ ಮಾಡ್ತಿ, ಅಕೀ ಬದ್ಲಿ ಮುಕ್ಕರಸ್ತೀ ಏನು? ನಿಮ್ಮ ಕೇರ್ಯಾಗ ಹಡಿಯೂದೇನ ದೊಡ್ಡ ಮಾತೇನ ಲೇ? ನಾಯಿ ಹಡದಂಗ ಹಡದ ಎದ್ದ ಹೋಗ್ತೀರಿ."

ಬದರಿನಾಥನಿಗೆ ನಗು ಬಂತು. ಹೆಂಡತಿಯ ಮೊಣಕೈ ತಾಗಿದ ಮೇಲೆ ಅದನ್ನು ಕೆಮ್ಮಾಗಿ ಮಾಡಿದ.

ಗುರವ್ವ ತನ್ನ ಬುಟ್ಟಿಯ ಚಿಪ್ಸನ್ನು ಒಂದೊಂದಾಗಿ ಮುರಿಯತೊಡಗಿದಳು. ತಿನ್ನಲಿಲ್ಲ. ಸುಮ್ಮನೆ ಮುರಿದಳು.

ವಿಷಯ ಸುಸೂತ್ರವಾಗಿ ಮುಗಿದ ಖುಷಿಗೆ ರಾಜಗೋಪಾಲ ಕೈಯೆತ್ತಿ ಮೂರನೆಯ ಗ್ಲಾಸು ಹೇಳಿದ. ಲೂಪೆ ಎರಡು ಬೆರಳು ತೋರಿಸಿ ತಲೆಯಾಡಿಸಿದಳು. ಒಬ್ಬರಿಗೆ ಎರಡೇ, ಸರಕು ಖಡಕ್ಕು, ಹೋಟೆಲಿನ ನಿಯಮ.

"ಎಂಥಾ ಹೋಟೆಲ್ರೀ ಇದು, ರೇಷನ್ ಅಂಗಡಿ ಆಗ್ಯದ!" ಎಂದು ರಾಜಗೋಪಾಲ ಸುತ್ತ ನೋಡಿದ. ವಿಜಯಾ ಕುಡಿಯುವವಳಲ್ಲ, ಅವಳ ಹೆಸರಿನಲ್ಲಿ ತರಿಸಿದರೆ ಮನೆಗೆ ಹೋದ ಮೇಲೆ ಮಹಾಭಾರತ. ರಮಾ ಡ್ರೈವ್ ಮಾಡಬೇಕು. ಅವನ ಕಣ್ಣು ಗುರವ್ವನ ಮೇಲೆ ನಿಂತಿತು. ಹಾಗೆ ನೇರವಾಗಿ ಅವನು ಅವಳನ್ನು ನೋಡಿ ತಿಂಗಳುಗಳೇ ಆಗಿದ್ದವು.

"ಇಕಿಗೊಂದು," ಎಂದ ಇಂಗ್ಲಿಷಿನಲ್ಲಿ, ಬೆರಳು ಚಾಚಿ. ಆಮೇಲೆ ಕನ್ನಡದಲ್ಲಿ: "ನೀ ಮುಟ್ಟಗಿಟ್ಟೀ ಮತ್ತ. ನಿನ್ನ ಮುಂದ ಇಡ್ತಾಳ. ನಾ ತಗೋತೀನಿ."

ಲೂಪೆ ಗುರವ್ವನ ಐಡಿ ಕೇಳಿದಳು. ಕೂದಲು ನೆರೆತಿದೆ, ಕಾಣುವುದಿಲ್ಲವೇ ಎಂದು ರಾಜಗೋಪಾಲ ರೇಗಿದ. ಮ್ಯಾನೇಜರು ಎಲ್ಲರದ್ದೂ ನೋಡಬೇಕೆಂದಿದ್ದಾರೆ ಎಂದು ಲೂಪೆ ನಗುನಗುತ್ತಲೇ ನಿಂತಳು. ಆಗ ಅವನು ಕುರ್ಚಿಯ ಬೆನ್ನಿಗೆ ತೂಗುಹಾಕಿದ್ದ ಕೋಟಿನ ಒಳಕಿಸೆಗೆ ಕೈಹಾಕಿ ಒಂದು ಕಂದು ಲಕೋಟೆ ತೆಗೆದ. ಬದರಿನಾಥನಿಗೆ ಕೊಡಲೆಂದು ತಂದಿದ್ದ ಲಕೋಟೆ ಅದು. ಅದರೊಳಗಿಂದ ನೀಲಿ ಪುಸ್ತಕ, ಗುರವ್ವನ ಪಾಸ್‌ಪೋರ್ಟು, ಹೊರಬಂತು.

ಏರ್‌ಪೋರ್ಟಿನಿಂದ ಕಾರು ಹತ್ತಿದ ದಿನ "ಕಳೀತೀ, ಇಲ್ಲೆ ಕೊಡು" ಎಂದು ಅವನು ಇಸಿದುಕೊಂಡ ಮೇಲೆ ಗುರವ್ವ ಅದನ್ನು ಕಂಡಿರಲಿಲ್ಲ.

ಲೂಪೆ ಪುಸ್ತಕ ಬಿಡಿಸಿದಳು. ಫೋಟೋ ನೋಡಿದಳು, ಗುರವ್ವನನ್ನು ನೋಡಿದಳು. ಹೆಸರನ್ನು ತಡವರಿಸುತ್ತ ಓದಿದಳು: "ಗು-ರಾ-ವಾ?" ಗುರವ್ವ ತಲೆಯಾಡಿಸಿದಳು. ಲೂಪೆ ಪುಸ್ತಕ ಮುಚ್ಚಿ, ಯಾರದ್ದೋ ಅವರಿಗೇ ಕೊಡುವ ತನ್ನ ರೂಢಿಯಂತೆ, ಅದನ್ನು ಗುರವ್ವನ ಅಂಗೈಯಲ್ಲಿಟ್ಟು ಗ್ಲಾಸು ತರಲು ಹೋದಳು.

"ಕೊಡಿಲ್ಲೆ," ಎಂದ ರಾಜಗೋಪಾಲ.

ಗುರವ್ವ ಪುಸ್ತಕವನ್ನು ಸೆರಗಿನಿಂದ ಒಮ್ಮೆ ಒರೆಸಿದಳು. ಆಮೇಲೆ ಸೆರಗನ್ನು ಸರಿಸಿ ಅದನ್ನು ಕುಬಸದೊಳಗೆ ತುರುಕಿದಳು, ಎದೆಗವಚಿ.

"ಏ! ಕೊಡಿಲ್ಲೆ ಅಂದೆನಲ್ಲ!" ಅವನು ಅರ್ಧ ಎದ್ದು ಮೇಜಿನ ಮೇಲಿಂದ ಕೈ ಚಾಚಿದ. ಕೈ ಅವಳ ಹೆಗಲಿಗೆ ಒಂದು ಗೇಣು ಉಳಿದಿರುವಾಗ ತಾನಾಗಿ ನಿಂತುಬಿಟ್ಟಿತು. ಯಾರೂ ಅದನ್ನು ಹಿಡಿದಿರಲಿಲ್ಲ.

ಗುರವ್ವ ಆ ಕೈಯನ್ನೇ ನೋಡಿದಳು. ಉಗುರು ಕತ್ತರಿಸಿದ, ಉಂಗುರವಿದ್ದ, ಚೊಕ್ಕಟ ಕೈ.

"ಮುಟ್ರಿ ರಾಯರ," ಎಂದಳು. "ಮುಟ್ಟಿ ತಗೋರಿ."

"ವಿಜಯಾ, ನೀ ತಗೋ ಅಕೀ ಕಡೆಯಿಂದ."

"ನಾನ? ಇಲ್ಲ ನಮ್ಮವ್ವ, ನಾ ಒಲ್ಲೆ." ವಿಜಯಾ ಕುರ್ಚಿಯನ್ನು ಹಿಂದಕ್ಕೆಳೆದಳು. "ರಮಾ, ನಿಮಗ ನಡೀತದಲ್ಲ, ನೀವು ಒಂದೀಟ..."

ರಮಾ ತನ್ನ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿದಳು. "ಅಯ್ಯೋ, ಪಬ್ಲಿಕ್ಕಲ್ಲಿ ಹೇಗೆ ವಿಜಯಾ?"

ಗ್ಲಾಸು ಬಂತು. ಲೂಪೆ ಅದನ್ನು ಗುರವ್ವನ ಮುಂದಿಟ್ಟು, ಎಲ್ಲರ ಮುಖವನ್ನು ಒಂದು ಕ್ಷಣ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಗುರವ್ವ ಗ್ಲಾಸನ್ನೆತ್ತಿ ಅಂಚಿನ ಉಪ್ಪನ್ನು ನೆಕ್ಕಿದಳು. ಅರ್ಧ ಕುಡಿದಳು. ಮುಖ ಕಿವಿಚಿದಳು. ಗ್ಲಾಸನ್ನು ರಾಜಗೋಪಾಲನ ಮುಂದಕ್ಕೆ ದೂಡಿದಳು.

"ಹುಳಿ ಐತ್ರಿ. ಉಳದದ್ದು ನೀವು ಕುಡೀರಿ."

ಅವನ ಮುಖ ಕಪ್ಪಿಟ್ಟಿತು. ಸುತ್ತಲಿನವರಿಗೆ ಕೇಳದಂತೆ ಹಲ್ಲು ಕಚ್ಚಿ ಹೇಳಿದ: "ಹಲ್ಕಟ್ ರಂಡೆ, ಸೊಕ್ಕ ಬಂತೇನ ನಿನಗ? ನಿನ್ನ ವೀಸಾ ಮುಗದ ಐದ ತಿಂಗಳಾತು. ಬಾಗಲಾ ದಾಟಿ ನೋಡು. ಪೊಲೀಸರು ಕೈಗೆ ಬೇಡಿ ಹಾಕಿ ಎಳಕೊಂಡ ಹೋಗ್ತಾರ."

"ಮುಗದೈತಿ ಅಂತ ನೀವ್ಯಾಕ ನನಗ ಹೇಳ್ಲಿಲ್ರಿ?"

ಅವನು ಲಕೋಟೆಯನ್ನು ಎರಡಾಗಿ ಮಡಚಿದ.

"ಎಳಕೊಂಡ ಹೋಗಿ ಎಲ್ಲಿಗ್ ಕಳಸ್ತಾರ್ರೀ?" ಎಂದಳು ಗುರವ್ವ. ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದಂತಿತ್ತು. "ನಮ್ಮೂರಿಗೇ ಅಲ್ಲೇನ್ರಿ?"

ಟ್ಯಾಬಿನಿಂದ ತಲೆಯೆತ್ತಿದ ತೃಪ್ತಿ, "ಗುರವ್ವಾ, ವೇರ್ ಆರ್ ಯು ಗೋಯಿಂಗ್?" ಎಂದಳು. ಗುರವ್ವ ಅವಳ ತಲೆಯ ಹತ್ತಿರ ಕೈ ಒಯ್ದು, ಮುಟ್ಟದೆ, ಎದ್ದು ನಡೆದಳು.

ಹೊರಗೆ ಮಧ್ಯಾಹ್ನದ ಬಿಸಿಲು ಡಾಂಬರಿನಿಂದ ಎದ್ದು ಮುಖಕ್ಕೆ ಬಡಿಯಿತು. ಆಚೆ ಹೆದ್ದಾರಿ. ಕಾರುಗಳು ಹಾಯುತ್ತಿದ್ದವೇ ಹೊರತು ಕಣ್ಣು ಹಾಯುವಷ್ಟು ದೂರ ನಡೆಯುವವರೊಬ್ಬರೂ ಇರಲಿಲ್ಲ, ನಡೆಯುವವರಿಗೆಂದು ದಾರಿಯೂ ಇರಲಿಲ್ಲ. ಎಡವೋ ಬಲವೋ ಅವಳಿಗೆ ತಿಳಿಯಲಿಲ್ಲ. ಪಾರ್ಕಿಂಗಿನ ತುದಿಯ ಮರದಡಿ, ಭಾನುವಾರದ ನೂಕುನುಗ್ಗಲಿಗೆಂದು ಹೋಟೆಲಿನವರೇ ನಿಲ್ಲಿಸಿಕೊಂಡಿದ್ದ ಪೊಲೀಸ್ ಕಾರೊಂದಿತ್ತು. ಎಂಜಿನ್ನು ಗುರುಗುಟ್ಟುತ್ತಿತ್ತು. ಒಳಗೆ ಕಪ್ಪು ಕನ್ನಡಕದ ಒಬ್ಬ ಮನುಷ್ಯ.

ಗುರವ್ವ ಅತ್ತ ನಡೆದಳು.

ಹಿಂದೆ ಗಾಜು ಬಡಿದ ಸದ್ದಾಯಿತು. ತಿರುಗಿ ನೋಡಿದಳು. ಹೋಟೆಲಿನ ದೊಡ್ಡ ಕಿಟಕಿಗೆ ಎರಡೂ ಅಂಗೈ ಒತ್ತಿ ಲೂಪೆ ನಿಂತಿದ್ದಳು. ಮುಖದಲ್ಲಿ ನಗುವಿರಲಿಲ್ಲ. ಪೊಲೀಸ್ ಕಾರಿನತ್ತ ಕಣ್ಣು ಹಾಯಿಸಿ, ಬೇಡ, ಬೇಡ ಎಂದು ತಲೆಯಾಡಿಸಿದಳು. ಗುರವ್ವ ನಿಂತಳು. ಲೂಪೆ ಮತ್ತೆ ತಲೆಯಾಡಿಸಿದಳು, ಈ ಸಲ ನಿಧಾನವಾಗಿ, ಹೀಗೆ ಹಿಡಿದೊಯ್ದವರ ಗತಿ ಏನಾಗುತ್ತದೆಂದು ಕಂಡು ಬಲ್ಲವಳಂತೆ. ಅವಳ ಬೆನ್ನ ಹಿಂದೆ, ಒಳಗಿನ ಮಬ್ಬಿನಲ್ಲಿ, ಕೋಟು ತೊಡುತ್ತ ಬಾಗಿಲಿನತ್ತ ಬರುತ್ತಿದ್ದ ರಾಜಗೋಪಾಲ ಕಂಡ.

ಗುರವ್ವ ಕುಬಸದೊಳಗಿಂದ ಪುಸ್ತಕ ತೆಗೆದಳು. ಬೆವರಿಗೆ ಅದರ ರಟ್ಟು ತೊಯ್ದಿತ್ತು. ಉಳಿದ ನಾಲ್ಕು ಹೆಜ್ಜೆ ನಡೆದು ಕಾರಿನ ಕಿಟಕಿಯನ್ನು ಬೆರಳ ಗೆಣ್ಣಿನಿಂದ ಕುಟ್ಟಿದಳು.

ಕರಿಯ ಗಾಜು ಕೆಳಗಿಳಿಯತೊಡಗಿತು.