ಎರಡನೇ ಬೀಗ

ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು ಬಂದ ಹೆಂಗಸರಿಗೆ ನೆಲೆ ಕೊಡುವ ಪುಟ್ಟ ಸಂಸ್ಥೆಯೊಂದನ್ನು ಅಕ್ಕ ತಂಗಿ ಇಬ್ಬರು ನಡೆಸುತ್ತಿದ್ದರು. ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕಚೇರಿ. ಹೆಂಗಸರು ಇರುತ್ತಿದ್ದದ್ದು ಊರಿನ ಬೇರೆ ಬೇರೆ ಬಾಡಿಗೆ ಮನೆಗಳಲ್ಲಿ. ಆ ವಿಳಾಸಗಳು ಕಚೇರಿಯ ಕಂಪ್ಯೂಟರಿನಲ್ಲಿದ್ದವು, ಹೊರಗಿನವರಿಗೆ ತಿಳಿಯುವಂತಿರಲಿಲ್ಲ.

ಅಕ್ಕನನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಹೆಂಡತಿಯನ್ನು ಹುಡುಕಿಕೊಂಡು ಮೆಟ್ಟಿಲೇರಿ ಬಂದ ಎಷ್ಟೋ ಗಂಡಂದಿರನ್ನು ನಿಂತ ಕಾಲಲ್ಲೇ ಇಳಿಸಿ ಕಳಿಸಿದ ಗಟ್ಟಿಗಿತ್ತಿ. ಕಂಪ್ಯೂಟರಿನ ಹೊಣೆ ಮಾತ್ರ ತಂಗಿಯದು. ಒಂದು ತರಬೇತಿಗೆ ಹೋಗಿ ಬಂದವಳೇ ಅವಳು ಪರದೆಯ ಪಕ್ಕ ಅಂಟಿಸಿದ್ದ ಪಾಸ್‌ವರ್ಡ್ ಚೀಟಿಯನ್ನು ಕಿತ್ತೆಸೆದಳು. ಒಬ್ಬೊಬ್ಬರಿಗೂ ಬೇರೆ ಪಾಸ್‌ವರ್ಡ್, ಅದರ ಮೇಲೆ ಫೋನಿಗೆ ಬರುವ ಸಂಖ್ಯೆಯನ್ನೂ ಒತ್ತಬೇಕು ಎಂದಳು.

"ಎರಡೆರಡು ಬೀಗ ಹಾಕ್ಕೊಂಡು ನಮ್ಮನೆಗೆ ನಾವೇ ಕಳ್ಳರ ಥರ ನುಗ್ಗಬೇಕೇನೇ?" ಎಂದು ದೊಡ್ಡಮ್ಮ ನಕ್ಕಿದ್ದಳು.

"ನಗು ಪರವಾಗಿಲ್ಲ. ತಪ್ಪಾಗಿ ಏನಾದ್ರೂ ಒತ್ತಿದ್ರೆ ಯಾರನ್ನೂ ಬೈಯಲ್ಲ. ಮುಚ್ಚಿಟ್ರೆ ಮಾತ್ರ ಸುಮ್ನೆ ಬಿಡಲ್ಲ," ಎಂದಿದ್ದಳು ತಂಗಿ.

ಒಂದು ಬೆಳಿಗ್ಗೆ ದೊಡ್ಡಮ್ಮನಿಗೆ ಮೇಲ್ ಬಂತು. ಸಂಸ್ಥೆಗೆ ನೆರವು ಕೊಡುವ ಟ್ರಸ್ಟಿನ ಗುರುತು, ಟ್ರಸ್ಟಿನ ಹೆಸರು. "ವರದಿ ನೋಡಲು ಇಲ್ಲಿ ಒತ್ತಿ." ಒತ್ತಿದಳು. ಪಾಸ್‌ವರ್ಡ್ ಕೇಳಿತು, ಕೊಟ್ಟಳು. ಫೋನಿಗೆ ಸಂಖ್ಯೆ ಬಂತು. ಹಿಂದೆಯೇ ಒಂದು ಕರೆ.

"ಟ್ರಸ್ಟಿನ ಕಂಪ್ಯೂಟರ್ ವಿಭಾಗದಿಂದ ಮೇಡಂ. ನಿಮಗೊಂದು ನಂಬರ್ ಬಂದಿದೆಯಲ್ಲ, ಸ್ವಲ್ಪ ಓದಿ ಹೇಳ್ತೀರಾ?"

ಬೆಣ್ಣೆಯಂಥ ದನಿ. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡಳು.

"ಬೇಗ ಹೇಳಿ ಮೇಡಂ. ತಡ ಆದ್ರೆ ನಿಮ್ಮ ಖಾತೆನೇ ಮುಚ್ಚಿಹೋಗತ್ತೆ."

ಅವಳ ಕಿವಿ ನೆಟ್ಟಗಾಯಿತು. ಮೊದಲು ಬೆಣ್ಣೆ, ಆಮೇಲೆ ಅವಸರ, ಅದರ ಬೆನ್ನಿಗೆ ಬೆದರಿಕೆ. ಈ ವರಸೆಯನ್ನು ಕಚೇರಿಯ ಮೆಟ್ಟಿಲ ಮೇಲೆ ಗಂಡಂದಿರ ಬಾಯಲ್ಲಿ ಅವಳು ಎಷ್ಟು ಸಲ ಕೇಳಿರಲಿಲ್ಲ!

"ನಿಮಗ್ಯಾಕಪ್ಪಾ ತೊಂದರೆ? ನಾನೇ ಟ್ರಸ್ಟಿಗೆ ಫೋನ್ ಮಾಡಿ ಹೇಳ್ತೀನಿ," ಎಂದಳು. ಕರೆ ಕಟ್ಟಾಯಿತು.

ಆಗ ಹೊಳೆಯಿತು. ಪಾಸ್‌ವರ್ಡ್ ಆಗಲೇ ಕೈಬಿಟ್ಟು ಹೋಗಿತ್ತು. ನೋಡಿದವರು ಯಾರೂ ಇಲ್ಲ. ಸುಮ್ಮನಿದ್ದರೆ ಮಾನ ಉಳಿಯುತ್ತದೆ. ಆದರೆ ಹಸುಗೂಸನ್ನು ಎತ್ತಿಕೊಂಡು ಮೊನ್ನೆಯಷ್ಟೇ ಬಂದ ಹುಡುಗಿಯ ಮುಖ ಕಣ್ಣಿಗೆ ಕಟ್ಟಿತು. ಎದ್ದು ಪಕ್ಕದ ಕೋಣೆಗೆ ಹೋದಳು.

"ಲೇ, ಮುಗ್ಗರಿಸಿಬಿಟ್ಟೆ ಕಣೇ. ಯಾರಿಗೋ ಪಾಸ್‌ವರ್ಡ್ ಕೊಟ್ಟುಬಿಟ್ಟೆ."

ತಂಗಿಯ ಮುಖ ಬಿಳಿಚಿಕೊಂಡಿತು. ಆದರೂ ಆಡಿದ ಮಾತಿಗೆ ತಪ್ಪಲಿಲ್ಲ. "ಫೋನಿಗೆ ಬಂದ ನಂಬರು?"

"ಪ್ರಾಣ ಹೋದ್ರೂ ಕೊಡ್ತಿರಲಿಲ್ಲ."

"ಹಾಗಾದ್ರೆ ಬದುಕಿದ್ವಿ. ಬಾ, ಕೂತ್ಕೋ."

ಇಬ್ಬರೂ ಸೇರಿ ದೊಡ್ಡಮ್ಮನ ಪಾಸ್‌ವರ್ಡ್ ಬದಲಿಸಿದರು. ತಮಗೆ ಮೊದಲಿಂದ ಗೊತ್ತಿದ್ದ ನಂಬರಿಗೇ ಫೋನ್ ಮಾಡಿ ಟ್ರಸ್ಟಿನವರನ್ನು ಎಚ್ಚರಿಸಿದರು. ಯಾರೋ ಮತ್ತೆ ಮತ್ತೆ ಒಳಬರಲು ನೋಡಿದ್ದು ಕಂಪ್ಯೂಟರಿನ ದಾಖಲೆಯಲ್ಲಿ ಕಂಡಿತು. ಒಂದು ಸಲವೂ ಬಾಗಿಲು ತೆರೆದಿರಲಿಲ್ಲ.

ಮಧ್ಯಾಹ್ನ ದೊಡ್ಡಮ್ಮ ಕೆಲಸದವರನ್ನೆಲ್ಲ ಕೂರಿಸಿಕೊಂಡು, ಒಂದೂ ಬಿಡದೆ ನಡೆದದ್ದನ್ನು ಹೇಳಿದಳು.

"ದೊಡ್ಡಮ್ಮನೇ ಬಿದ್ರೆ ನಮ್ಮ ಗತಿಯೇನು?" ಎಂದ ವ್ಯಾನ್ ಡ್ರೈವರ್.

"ಬಿದ್ದ ತಕ್ಷಣ ಕೂಗೋದು. ಅದೇ ಗತಿ."

ಎಲ್ಲರೂ ನಕ್ಕರು. ಹೆಂಗಸರ ಕೇಸುಗಳನ್ನು ನೋಡಿಕೊಳ್ಳುತ್ತಿದ್ದ ವಕೀಲೆ ಮಾತ್ರ ನಗಲಿಲ್ಲ. ತಡೆದು ತಡೆದು ಹೇಳಿದಳು, "ಅದೇ ಮೇಲ್ ನಂಗೂ ನಿನ್ನೆ ಬಂದಿತ್ತು. ಒತ್ತಿದೆ. ಪಾಸ್‌ವರ್ಡೂ ಕೊಟ್ಟೆ. ನಾಚಿಕೆಯಾಗಿ ಹೇಳಲಿಲ್ಲ."

ಬೈಗುಳಕ್ಕೆ ಕಾದು ಕೂತವಳ ಪಕ್ಕ ತಂಗಿ ಕುರ್ಚಿ ಎಳೆದುಕೊಂಡಳು. "ಈಗಲಾದ್ರೂ ಹೇಳಿದ್ರಲ್ಲ. ನಿಮ್ಮ ಫೋನ್ ಕೊಡಿ ಇಲ್ಲಿ." ಅವಳ ಖಾತೆಯಲ್ಲೂ ಎರಡನೇ ಬೀಗ ಕದಲಿರಲಿಲ್ಲ. ಅಂದಿನಿಂದ ವಿಳಾಸಗಳು ಅಕ್ಕ ತಂಗಿಯರನ್ನು ಬಿಟ್ಟು ಬೇರಾರಿಗೂ ತೆರೆಯದಂತಾದವು.

ಸಂಜೆ ದೊಡ್ಡಮ್ಮ ಕೂಸಿನ ತಾಯಿಯ ಮನೆಗೆ ಹೋದಳು. ವಿಷಯ ತಿಳಿಯುವ ಹಕ್ಕು ಆ ಮನೆಗಳ ಹೆಂಗಸರಿಗೂ ಇತ್ತು, ಮೊದಲು ಅವಳಿಗೆ. ಎಲ್ಲ ಕೇಳಿ ಹುಡುಗಿ ಕೂಸನ್ನು ಎದೆಗವಚಿಕೊಂಡಳು.

"ಮತ್ತೆ ಗಂಟುಮೂಟೆ ಕಟ್ಟಬೇಕಾ ದೊಡ್ಡಮ್ಮಾ?"

"ಯಾಕೆ ಕಟ್ಟಬೇಕು? ನಿನ್ನ ವಿಳಾಸ ಯಾರ ಕೈಗೂ ಸಿಕ್ಕಿಲ್ಲ. ಗೋಡೆಗೆ ಮೊಳೆ ಹೊಡೀಬೇಕು, ತೊಟ್ಟಿಲು ಕಟ್ಟಬೇಕು, ಏನಿದ್ರೂ ಮಾಡ್ಕೋ. ಇದು ನಿನ್ನ ಮನೆ."

ಹುಡುಗಿ ಕೂಸನ್ನು ಅವಳ ಮಡಿಲಿಗೆ ಹಾಕಿ, ನೀರು ಕಾಯಿಸಲು ಒಳಗೆ ಹೋದಳು.